ಅರ್ಧಕ್ಕೆ ಮುಚ್ಚಿಸಿದ ಪುಸ್ತಕ

ಕೋಲಾರ ಸೀಮೆಯ ಹೈಸ್ಕೂಲುಗಳಲ್ಲಿ ಕನ್ನಡ ಪಾಠವೆಂದರೆ ನೋಟ್ಸು ಬರೆಸಿ ಉರು ಹೊಡೆಸುವುದೆಂದೇ ನಡೆಯುತ್ತಿದ್ದ ಕಾಲದಲ್ಲಿ, ಓದಿದ್ದನ್ನು ಅರ್ಥ ಮಾಡಿಕೊಳ್ಳುವುದೂ ಒಂದು ವಿದ್ಯೆ, ಅದನ್ನೂ ಕಲಿಸಬೇಕು ಎಂದು ಹಟ ಹಿಡಿದವರು ನಮ್ಮ ಪೂಜ್ಯ ಗುರುಗಳಾದ ಶ್ರೀ ಕೋದಂಡರಾಮಪ್ಪನವರು. ಈ ವರ್ಷ, 1988ರಲ್ಲಿ, ಅವರು ನಿವೃತ್ತರಾಗುತ್ತಿರುವ ಸಂದರ್ಭದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ ಶಿಷ್ಯೆಯಾದ ನನ್ನದಾಗಿದೆ.

1974ರಲ್ಲಿ ಅವರು ಮುಳಬಾಗಿಲಿನಿಂದ ವರ್ಗವಾಗಿ ವಕ್ಕಲೇರಿ ಕಡೆಯ ನಮ್ಮ ಶಾಲೆಗೆ ಬಂದರು. ನಮ್ಮಲ್ಲಿ ಬಹುಪಾಲು ಮಕ್ಕಳ ಮನೆಮಾತು ತೆಲುಗು. ಕನ್ನಡವನ್ನು ಗಟ್ಟಿಯಾಗಿ ಓದೆಂದರೆ ನೀರು ಕುಡಿದಷ್ಟು ಸಲೀಸು. ಓದಿದ್ದೇನೆಂದು ಕೇಳಿದರೆ ಮಾತ್ರ ಬೆಬ್ಬೆಬ್ಬೆ. ಗುರುಗಳು ಕಥೆಯನ್ನು ಅರ್ಧದವರೆಗೆ ಓದಿಸಿ ಪುಸ್ತಕ ಮುಚ್ಚಿಸುತ್ತಿದ್ದರು. ಅಷ್ಟನ್ನು ತೆಲುಗಿನಲ್ಲಿ ಹೇಳಬೇಕು, ಮುಂದೇನಾದೀತೆಂದು ಊಹಿಸಬೇಕು, ಊಹೆಗೆ ಕಾರಣ ಕೊಡಬೇಕು. ಪುಸ್ತಕ ಮತ್ತೆ ತೆರೆಯುವುದು ಆಮೇಲೆ.

ಸುದ್ದಿ ಊರು ಸೇರಿತು. ನಾನಾಗ ಹತ್ತನೇ ತರಗತಿ. ಹೆಣ್ಣುಮಗಳಿಗೆ ಇಷ್ಟು ಓದು ಸಾಕೆಂದು ಮೊದಲೇ ಗೊಣಗುತ್ತಿದ್ದ ನಮ್ಮ ತಂದೆ ಬಚ್ಚಪ್ಪನವರಿಗೆ ಅಷ್ಟೇ ನೆಪ ಸಾಕಾಯಿತು. ನೇರ ತರಗತಿಗೇ ಬಂದುಬಿಟ್ಟರು.

"ಕನ್ನಡ ಕಲೀಲಿ ಅಂತ ಕಳ್ಸಿದ್ರೆ ತೆಲುಗಲ್ಲಿ ಕಥೆ ಹೇಳಿಸ್ತೀರಂತೆ ಸಾರ್. ತೆಲುಗು ಮನೇಲೇ ಐತಲ್ಲ! ರತ್ನಮ್ಮನ್ನ ಕರ್ಕೊಂಡು ಹೋಗ್ತೀನಿ. ಹಿಪ್ಪುನೇರಳೆ ಸೊಪ್ಪಾದ್ರೂ ಬಿಡಿಸ್ತಾಳೆ."

ನಾನು ಪುಸ್ತಕಗಳನ್ನು ಚೀಲಕ್ಕೆ ತುಂಬತೊಡಗಿದೆ. ಗುರುಗಳು ವಾದಕ್ಕಿಳಿಯಲಿಲ್ಲ. "ಕರ್ಕೊಂಡು ಹೋಗೀರಂತೆ, ಈ ಪಾಠ ಮುಗೀಲಿ. ಕೂತ್ಕೊಳ್ಳಿ ಯಜಮಾನರೇ" ಎಂದು ಹಿಂದಿನ ಬೆಂಚು ತೋರಿಸಿದರು. ನನ್ನನ್ನೇ ಎಬ್ಬಿಸಿ, ಅಲ್ಲಿಯವರೆಗೆ ಓದಿದ್ದ ಕಥೆಯನ್ನು ತೆಲುಗಿನಲ್ಲಿ ಹೇಳಿಸಿದರು. ಗಂಡನ ಮನೆಯಿಂದ ಹೊರಬಿದ್ದ ತಂಗಿಯೊಬ್ಬಳು ತವರಿನ ಬಾಗಿಲು ತಟ್ಟುತ್ತಾಳೆ. ಅಣ್ಣ ಬಾಗಿಲು ತೆರೆದವನು ಮಾತಿಲ್ಲದೆ ನಿಲ್ಲುತ್ತಾನೆ. ಪುಸ್ತಕ ಮುಚ್ಚಿಸಿದ್ದು ಅಲ್ಲಿಗೇ. ನಾನೂ ನಿಲ್ಲಿಸಿದೆ.

"ಲೋಪಲಿಕಿ ಪಿಲ್ಸಿನಾಡಾ, ಲೇದಾ?" ಹಿಂದಿನಿಂದ ಅಪ್ಪನ ದನಿ. ಅವಳನ್ನು ಒಳಗೆ ಕರೆದನೋ ಇಲ್ಲವೋ!

"ನಂಗೂ ಬಾಯಲ್ಲಿ ಹೇಳೋ ಹಾಗಿಲ್ಲ ಯಜಮಾನರೇ, ಅದು ಪುಸ್ತಕದಲ್ಲಿದೆ. ನಿಮ್ಮ ಮಗಳು ಓದ್ತಾಳೆ, ಕೇಳಿ" ಎಂದರು ಗುರುಗಳು.

ಓದಿದೆ. ಮುಗಿಯುವವರೆಗೂ ಅಪ್ಪ ಕದಲಲಿಲ್ಲ. ಆಮೇಲೆ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡು ಒಬ್ಬರೇ ಮನೆಗೆ ಹೋದರು.

ಆ ವರ್ಷ ಪಾಸಾದೆ, ಮುಂದೆ ಓದಿದೆ. ಇಂದು ಮಾಲೂರಿನಲ್ಲಿ ಕನ್ನಡ ಕಲಿಸುತ್ತೇನೆ. ಇದು ಗುರುಗಳು ಇಟ್ಟ ಭಿಕ್ಷೆ, ಹೇಳಿಕೊಳ್ಳಲು ಸಂಕೋಚವಿಲ್ಲ.

ಗುರುಗಳೇ, ನಿವೃತ್ತಿ ಸರ್ಕಾರದ ಲೆಕ್ಕಕ್ಕಿರಲಿ. ಭಗವಂತ ತಮಗೆ ನೂರು ವರ್ಷ ಆಯುಸ್ಸು, ಗಟ್ಟಿ ಗಂಟಲು ಕೊಡಲಿ. ತಾವು ಇನ್ನೂ ಓದಿಸುತ್ತಿರಿ. ತಮಗೆ ನೆನಪಿದೆಯೋ ಇಲ್ಲವೋ, ನನ್ನ ಹಿಂದೆಯೇ ನನ್ನ ತಂಗಿಯರಿಬ್ಬರೂ ತಮ್ಮ ತರಗತಿಗೆ ಸೇರಿದರು. ಅವರನ್ನು ಕೈಹಿಡಿದು ಕರೆತಂದು ಬಿಟ್ಟವರು ನಮ್ಮಪ್ಪನೇ.