ಒಂದು ಕಂಬಿಯಷ್ಟು ಜಾಗ

ಮದುವೆಯಾಗಿ ಸೋಲ್ ನಗರಕ್ಕೆ ಬಂದಂದಿನಿಂದ ಬೋರಮ್ ನೆಲದ ಕೆಳಗೇ ಇದ್ದಾಳೆ. ಬೀದಿಯಿಂದ ಮೆಟ್ಟಿಲಿಳಿದರೆ ಬಾಗಿಲು, ಒಳಗೆ ಒಂದೇ ಕೋಣೆ, ಸೂರಿಗೆ ತಾಗಿದಂತೆ ಬೀದಿಯ ಮಟ್ಟಕ್ಕೊಂದು ಕಂಬಿ ಹಾಕಿದ ಕಿಟಕಿ. ಅದರಲ್ಲಿ ಜನರ ಮುಖ ಕಾಣುವುದಿಲ್ಲ. ಅಕ್ಕಪಕ್ಕದವರನ್ನು ಅವಳು ಚಪ್ಪಲಿ ನೋಡಿ ಗುರುತಿಸುತ್ತಾಳೆ. ಅವಳಿಗೆ ಬೀದಿ ತುದಿಯ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ, ಗಂಡನಿಗೆ ಊರೂರು ಲಾರಿ ಓಡಿಸುವ ಕೆಲಸ. ನಡುಬೇಸಿಗೆಯಲ್ಲೂ ಚಳಿಗಾಲದಂತೆ ನೆಲದೊಳಗಿನ ಕೊಳವೆಗಳಲ್ಲಿ ಬಿಸಿನೀರು ಹರಿಸಿ, ನೆಲ ಬಿಸಿ ಮಾಡಿ, ತೇವ ಹಿಡಿದ ಹಾಸಿಗೆ ಒಣಗಿಸಬೇಕು, ಇಲ್ಲದಿದ್ದರೆ ಮಗಳು ದಾಮಿಗೆ ಕೆಮ್ಮು. ಇಷ್ಟನ್ನೂ ಬೋರಮ್ ಹೇಗೋ ಒಗ್ಗಿಸಿಕೊಂಡಿದ್ದಳು.

ಹೋದ ಮಳೆಗಾಲದಲ್ಲಿ ಹಿಂದಿನ ಬೀದಿಯ ಇಂಥದೇ ಮನೆಗೆ ನೀರು ನುಗ್ಗಿತು. ಹೊರಗಿನ ನೀರು ಒತ್ತಿಹಿಡಿದ ಬಾಗಿಲನ್ನು ಒಳಗಿದ್ದ ಮುದುಕ ತೆರೆಯಲಾರದೆ ಹೋದ. ಕಿಟಕಿಗೆ ಕಳ್ಳರ ಭಯಕ್ಕೆಂದು ಹಾಕಿಸಿದ ಕಂಬಿ. ಒಳಗೇ ಮುಳುಗಿ ಸತ್ತ. ಆಮೇಲೆ ನಗರಾಡಳಿತ ಮಾತು ಕೊಟ್ಟಿತು: ಇನ್ನು ಯಾರೂ ನೆಲದಡಿ ಬದುಕಬಾರದು, ಎಲ್ಲರಿಗೂ ನೆಲದ ಮೇಲೆ ಮನೆ. ಅಲ್ಲಿಯವರೆಗೆ ಬಾಗಿಲಿಗೆ ನೀರು ತಡೆಯುವ ಹಲಗೆ, ಕಿಟಕಿಗೆ ಒಳಗಿನಿಂದ ತೆರೆಯುವಂಥ ಕಂಬಿ, ಎಲ್ಲ ಪುಕ್ಕಟೆ. ಮೇಲಿನ ಮನೆಯ ಸರದಿ ದೂರವಿತ್ತು. ಹಲಗೆಗೂ ಕಂಬಿಗೂ ಮನೆಯೊಡತಿ ಹೂಂ ಎನ್ನಬೇಕಿತ್ತು.

ಬೋರಮ್ ಕೇಳಲು ಹೋದಾಗ ಮನೆಯೊಡತಿ ಪ್ಯೋ ತಾರಸಿಯಲ್ಲಿ ಸೋಯಾ ಹುಳಿಯಲಿಟ್ಟ ಜಾಡಿಗಳ ಮುಚ್ಚಳ ಒರೆಸುತ್ತಿದ್ದಳು.

"ಹಲಗೆ ಹಾಕ್ಸೋದೂ ಒಂದೇ, ಈ ಮನೆಗೆ ನೀರು ನುಗ್ಗುತ್ತೆ ಅಂತ ಡಂಗುರ ಹೊಡ್ಸೋದೂ ಒಂದೇ. ಮಾರೋಕಿಟ್ಟಿರೋ ಮನೆ ಇದು, ದಾಮಿ ಅಮ್ಮ. ನಂಗಿರೋದು ಇದೊಂದೇ."

"ಮಳೆ ಶುರುವಾಗ್ತಿದೆ ದೊಡ್ಡಮ್ಮ. ಮಗು ಇದೆಯಲ್ಲ."

"ಇಷ್ಟು ವರ್ಷದಲ್ಲಿ ಒಂದು ಹನಿ ನುಗ್ಗಿದೆಯಾ? ನಿಂಗೆ ಸರಕಾರದೋರು ಅರಮನೇನೇ ಕೊಡ್ತಾರಂತಲ್ಲ, ಹೋಗಿ ಅಲ್ಲೇ ಇರು."

ಆ ವಾರವೇ ಕಕ್ಕಸಿನ ಗುಂಡಿ ತನ್ನಷ್ಟಕ್ಕೆ ತಾನೇ ಗುಳುಗುಳು ಎನ್ನತೊಡಗಿತು. ಹೊರಗೆ ಮಳೆಯಿರಲಿಲ್ಲ, ನದಿಯ ಮೇಲ್ಭಾಗದಲ್ಲಿ ಎಲ್ಲೋ ಸುರಿದು, ಏರಿದ ನದಿ ಚರಂಡಿಯ ನೀರನ್ನು ಹಿಂದಕ್ಕೆ ತಳ್ಳುತ್ತಿತ್ತಂತೆ. ಬೋರಮ್ ಅನ್ನ ಬಡಿಸುತ್ತ ಆ ಸದ್ದಿಗೆ ಕಿವಿಗೊಟ್ಟಳು. ದಾಮಿ ಏನೋ ಕೇಳಿದ್ದು ಅವಳಿಗೆ ಕೇಳಿಸಲೇ ಇಲ್ಲ.

ಮರುದಿನ ಲಾಂಡ್ರಿಯ ಯಜಮಾನನಿಂದ ಕಬ್ಬಿಣ ಕೊಯ್ಯುವ ಗರಗಸ ತಂದಳು. ಕುರ್ಚಿಯ ಮೇಲೆ ನಿಂತು, ಅಂಗೈಯಲ್ಲಿ ಬೊಬ್ಬೆ ಏಳುವಂತೆ ಉಜ್ಜಿ ಒಂದು ಕಂಬಿಯನ್ನು ಕೊಯ್ದು ತೆಗೆದಳು. ಎರಡನೆಯದಕ್ಕೆ ಗರಗಸ ಇಡುವಷ್ಟರಲ್ಲಿ ಹೊರಗೆ ಪ್ಯೋ ಬಗ್ಗಿದಳು. ಇಷ್ಟು ವರ್ಷದಲ್ಲಿ ಆ ಕಿಟಕಿಯಲ್ಲಿ ಅವಳ ಮುಖ ಕಂಡದ್ದು ಅದೇ ಮೊದಲು.

"ಮನೆ ನೋಡೋಕೆ ಜನ ಬರ್ತಿದಾರೆ, ನೀನು ಮನೇನೇ ಕೊಯ್ತಿದೀಯಾ? ಕೊಡಿಲ್ಲಿ ಅದನ್ನ."

"ಇನ್ನೊಂದೇ ಒಂದು, ದೊಡ್ಡಮ್ಮ. ನಾನು ಹಿಡಿಸೋಷ್ಟು."

"ಇನ್ನೊಂದು ಮುಟ್ಟಿದ್ರೆ ನಾಳೇನೇ ಖಾಲಿ ಮಾಡು. ಬೀದೀಲಿ ಮಲಗ್ತೀಯಾ ಮಗು ಕಟ್ಕೊಂಡು?"

ಬೋರಮ್ ಕಂಬಿಗಳ ನಡುವಿನಿಂದ ಗರಗಸ ದಾಟಿಸಿದಳು.

ಪ್ಯೋ ಹೋದ ಮೇಲೆ ಆ ಸಂದಿನಲ್ಲಿ ತಾನೇ ತಲೆ ತೂರಿಸಿ ನೋಡಿದಳು. ತಲೆ ಹಿಡಿಸಿತು, ಭುಜ ಹಿಡಿಸಲಿಲ್ಲ. ಓರೆಯಾಗಿ, ಉಸಿರು ಬಿಗಿಹಿಡಿದು ಮತ್ತೆ ತೂರಿದಳು. ಎದೆಗೂಡಿಗೆ ಕಬ್ಬಿಣ ಒತ್ತಿ ನೋವಾಯಿತೇ ಹೊರತು ಮೈ ದಾಟಲಿಲ್ಲ. ಇಳಿದು ಬಂದು ಮಗಳನ್ನು ಎತ್ತಿ ಕುರ್ಚಿಯ ಮೇಲೆ ನಿಲ್ಲಿಸಿದಳು.

"ಬಾ ಚಿನ್ನ, ಆಟ ಆಡೋಣ. ಇಲ್ಲಿಂದ ತೂರ್ಕೊಂಡು ಆಚೆ ಹೋಗ್ಬೇಕು. ಸೀದಾ ಲಾಂಡ್ರಿ ತಾತನ ಮಹಡಿ ಹತ್ತಿ ಕೂತ್ಕೋಬೇಕು."

ದಾಮಿ ಬೆಕ್ಕಿನಂತೆ ನುಸುಳಿ ಬೀದಿ ಸೇರಿದಳು. ಅಲ್ಲಿಂದಲೇ ಬಗ್ಗಿ ಒಳಗೆ ಇಣುಕಿದಳು.

"ನೀನು?"

"ನಾನು ಬಾಗಿಲಿಂದ ಬರ್ತೀನಿ."

"ಹಂಗಾದ್ರೆ ನಾನೂ ಬಾಗಿಲಿಂದಾನೇ."

"ಅದು ದೊಡ್ಡೋರ ದಾರಿ ಕಣೇ. ಒಳಗೆ ಬಾ, ಇನ್ನೊಂದ್ಸಲ ಆಡೋಣ. ಹಿಂದಕ್ಕೆ ತಿರುಗಿ ನೋಡಿದ್ರೆ ಔಟು."

ದಾಮಿ ಮತ್ತೆ ಮತ್ತೆ ತಿರುಗಿ ನೋಡಿದಳು. ಬೋರಮ್ ಮತ್ತೆ ಮತ್ತೆ ಕರೆದಳು. ಮೋಡ ಕವಿದು ಕೋಣೆ ಕತ್ತಲಾಗುತ್ತ ಬಂತು. ಕೊನೆಗೊಮ್ಮೆ ಮಗಳು ಹೊರಬಿದ್ದವಳೇ ಎದ್ದು, ತಿರುಗಿ ನೋಡದೆ ಓಡಿದಳು.