ಬೀದಿಯಲ್ಲಿ ಒಲೆ ಹಚ್ಚದ ದಿನ

ಮೊನ್ನೆ ಬೆಳಗ್ಗೆ ಏಳು ಗಂಟೆಗೆ ನಾನು ಪಕ್ಕದ ಮನೆಯ ಮಹಡಿ ಹತ್ತಿದ್ದು ಜಗಳಕ್ಕೆಂದೇ. (ಜಗಳಕ್ಕೆ ಹೋಗುವಾಗ ಮಂಡಿನೋವು ಇರುವುದಿಲ್ಲ, ಗಮನಿಸಿದ್ದೀರಾ?)

ಕಾರಣವಿತ್ತು. ಎದುರು ಮನೆಯ ಜೈಬುನ್ನೀಸಮ್ಮ ನಸುಕಿನಲ್ಲಿ ತೀರಿಕೊಂಡಿದ್ದರು. ಮೂವತ್ತೈದು ವರ್ಷ ನನ್ನ ಕಣ್ಣೆದುರಿಗೇ ಇದ್ದ ಜೀವ. ಮನೆಯಲ್ಲಿ ಉರ್ದು, ಹಾಲಿನವನ ಜೊತೆ ತೆಲುಗು, ನನ್ನ ಜೊತೆ ಕನ್ನಡ. ಬೈಯಬೇಕಾದಾಗ ಮೂರೂ. ನಾನಿನ್ನೂ ಅತ್ತು ಮುಗಿಸಿರಲಿಲ್ಲ, ಪಕ್ಕದ ಮಹಡಿಯಿಂದ ಸಾಸಿವೆ ಎಣ್ಣೆಯ ಘಾಟು ಬಂತು. ಸಾವಿನ ಮನೆಯೆದುರು ಒಗ್ಗರಣೆ.

ಶಿಡ್ಲಘಟ್ಟದ ನಮ್ಮ ಬೀದಿಗೊಂದು ಪದ್ಧತಿಯಿದೆ. ಯಾರ ಮನೆಯಲ್ಲಿ ಸಾವಾದರೂ ಹೆಣ ಎತ್ತುವ ತನಕ ಯಾರೂ ಒಲೆ ಹಚ್ಚುವಂತಿಲ್ಲ. ಹಿಂದೂ ಮನೆಯೋ ಮುಸಲ್ಮಾನರ ಮನೆಯೋ, ಎಲ್ಲ ಒಂದೇ. ನಾನು ಮೇಲೂರಿನಿಂದ ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ಹೇಳಿಕೊಟ್ಟವರೇ ಜೈಬುನ್ನೀಸಮ್ಮ. ಜಗಳವಾಡಿ ಅಲ್ಲ, ಪಕ್ಕಕ್ಕೆ ಕರೆದು.

ನಮ್ಮ ಮಾವ ಹೋದ ದಿನ ಅವರು ತಮ್ಮ ಹಿತ್ತಲಲ್ಲಿ ನೂಲು ತೆಗೆಯಲು ರೇಷ್ಮೆಗೂಡು ಬೇಯಿಸುವ ಒಲೆಯನ್ನೂ ಆರಿಸಿದ್ದರು. ಹೊತ್ತಿಗೆ ಸರಿಯಾಗಿ ನೂಲು ತೆಗೆಯದಿದ್ದರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ಅಷ್ಟೂ ಹಾಳು. "ಹೋದ್ರೆ ಹೋಗ್ಲಿ ಬಿಡಮ್ಮ, ನಿಮ್ಮ ಮಾವ ವಾಪಸ್ ಬರ್ತಾರಾ?" ಅಂದಿದ್ದರು.

ಈಗ ನೂಲು ತೆಗೆಯಲು ಬಿಹಾರದಿಂದ ಜನ ಬರುತ್ತಾರೆ. ಬೀದಿಯ ಮಹಡಿಗಳೆಲ್ಲ ಅವರ ಬಾಡಿಗೆ ರೂಮುಗಳು. ಹೊಸ ಮುಖ ಕಂಡಾಗಲೆಲ್ಲ ನನಗೆ ಹಳೆಯ ಬೀದಿ ನೆನಪಾಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತೇನೆ. ಸುಳ್ಳು ಯಾಕೆ ಹೇಳಲಿ?

"ಏನಮ್ಮ, ಎದುರಿಗೆ ಹೆಣ ಇಟ್ಕೊಂಡು ಅಡುಗೆ ಮಾಡ್ತಿದ್ದೀಯಾ?" ಎಂದೆ.

ಎಂಟು ತಿಂಗಳ ಹಿಂದೆ ಬಿಹಾರದಿಂದ ಬಂದು ತಕ್ಕಮಟ್ಟಿಗೆ ಕನ್ನಡ ಕಲಿತಿದ್ದ ಸುನೀತಾ ಸೌಟು ಹಿಡಿದೇ ನಿಂತಳು. "ಯಾರು ಸತ್ತಿದ್ದು ಆಂಟಿ? ಚೇರ್ ಹಾಕ್ತಾ ಇದ್ರು. ಫಂಕ್ಷನ್ ಅನ್ಕೊಂಡೆ."

"ಜೈಬುನ್ನೀಸಮ್ಮ."

"ನಾನಿ?"

ಸ್ಟವ್ ಆರಿಸಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ನಾನಿ ಅಂದರೆ ಅಜ್ಜಿ. ಇಡೀ ಬೀದಿಯಲ್ಲಿ ಅವಳ ಹಿಂದಿಗೆ ಹತ್ತಿರವಾದ ಉರ್ದುವಿನಲ್ಲಿ ಕಷ್ಟಸುಖ ಕೇಳುತ್ತಿದ್ದುದು ಅವರೊಬ್ಬರೇ ಅಂತೆ. ನನಗದು ಗೊತ್ತೇ ಇರಲಿಲ್ಲ.

ಪದ್ಧತಿ ವಿವರಿಸಿದೆ. "ಮತ್ತೆ ಯಾವಾಗ ಹಚ್ಬೇಕು?" ಎಂದಳು. "ನಾನೇ ಬಂದು ಹೇಳ್ತೀನಿ" ಎಂದು ಇಳಿದೆ. ಬೀದಿಯ ಮಾನ ಉಳಿಸಿದ ಹೆಮ್ಮೆ ಬೇರೆ.

ಮನೆ ಬಾಗಿಲು ತಲುಪಿದೆ. ಕುಕ್ಕರ್ ಕೂಗಿತು. ನಮ್ಮದೇ ಕುಕ್ಕರ್.

"ಇವತ್ತು ಯಾಕಮ್ಮ ಒಲೆ ಹಚ್ಚಿದೆ?" ಸೊಸೆಯನ್ನು ಕೇಳಿದೆ.

"ಪಾಪು ಸ್ಕೂಲ್ ವ್ಯಾನ್ ಬರುತ್ತಲ್ಲ ಅತ್ತೆ, ಡಬ್ಬಿಗೇನು ಹಾಕ್ಲಿ? ಮೂಲೆ ಮನೆ ತಾತ ಹೋದಾಗ್ಲೂ ಹಚ್ಚಿದ್ವಲ್ಲ. ಅವತ್ತು ನೀವೇ ಎರಡು ಸಲ ಕಾಫಿ ಕುಡಿದ್ರಿ."

ಕುಡಿದಿದ್ದೆ, ಹೌದು. ಕಿವಿಗೊಟ್ಟರೆ ಇನ್ನೆರಡು ಮನೆಗಳಿಂದ ಮಿಕ್ಸಿ ಸದ್ದು. ಎಲ್ಲ ಹಳಬರೇ. ನಾವು ಇದನ್ನು ಯಾವಾಗ ಬಿಟ್ಟೆವು? ಬಿಟ್ಟಿದ್ದು ನನಗೇ ಯಾಕೆ ತಿಳಿಯಲಿಲ್ಲ?

ಮಧ್ಯಾಹ್ನದ ನಮಾಜಿನ ನಂತರ ಜೈಬುನ್ನೀಸಮ್ಮನನ್ನು ಹೊತ್ತುಕೊಂಡು ಹೋದರು. ನಾನು ಸ್ನಾನ ಮಾಡಿ, ಊಟ ಮಾಡಿ, ಮತ್ತೊಮ್ಮೆ ಅತ್ತು ಮಲಗಿದೆ.

ಸಂಜೆ ಒಣಗಿದ ಬಟ್ಟೆ ತರಲು ತಾರಸಿಗೆ ಹೋದೆ. ಕೆಳಗೆ ಎದುರು ಮನೆಯ ಜಗಲಿ ಖಾಲಿ. ಇನ್ನು ಅಲ್ಲಿಂದ "ಏನಮ್ಮ, ಇವತ್ತು ಸಾರೇನು?" ಎಂದು ಕೇಳುವವರು ಯಾರು? ಆ ಪ್ರಶ್ನೆಗೆ ದಿನವೂ ಅರ್ಧಂಬರ್ಧ ಉತ್ತರ ಕೊಟ್ಟು ಒಳಗೆ ಹೋಗುತ್ತಿದ್ದೆನಲ್ಲ, ಇನ್ನೊಂದು ಸಲ ಕೇಳಿದ್ದರೆ ಗಂಟೆಗಟ್ಟಲೆ ನಿಂತು ಹೇಳುತ್ತಿದ್ದೆ.

ಪಕ್ಕದ ಮಹಡಿಯ ಮೋಟುಗೋಡೆಯ ಆಚೆ ಸುನೀತಾ ಕಾದು ನಿಂತಿದ್ದಳು. ಬೆಳಗ್ಗಿನಿಂದ ಅವಳೂ ಅವಳ ಗಂಡನೂ ಬನ್ನು ತಿಂದುಕೊಂಡು ಇದ್ದರಂತೆ. ಬಂದು ಹೇಳುತ್ತೇನೆ ಎಂದಿದ್ದ ನಾನು ಮರೆತೇಬಿಟ್ಟಿದ್ದೆ.

"ಆಂಟಿ, ಈಗ ಹಚ್ಬಹುದಾ?"

ಬೆಳಗ್ಗೆಯೇ ಒಲೆ ಹಚ್ಚಿದ ಮನೆಯವಳು, ಹಚ್ಚಮ್ಮ ಎಂದು ಅಪ್ಪಣೆ ಕೊಡಲು ನಾನು ಯಾವ ಊರಿನವಳು?