ಟವೆಲ್ ಹೊದ್ದ ಟಿವಿ

ಆರು ತಿಂಗಳು ಮೈಲಪ್ಪನ ಮನೆಯ ಟಿವಿ ಬಿಳಿ ಟವೆಲ್ ಹೊದ್ದುಕೊಂಡು ಗೋಡೆಯ ಮೇಲೆ ಕೂತಿತ್ತು. ಹೊದೆಸಿದವನು ಮೈಲಪ್ಪನೇ. ಟಿವಿ ಬಿಡು, ಬಿಡು ಎಂದು ಅವನ ತಲೆ ತಿಂದವರಲ್ಲಿ ಪಕ್ಕದ ಮನೆಯ ನಾನೂ ಒಬ್ಬ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನುಣುಚಿಕೊಳ್ಳಲು ನನಗೆ ದಾರಿ ಇರಬಾರದು.

ನಾನು ಶಿವಯೋಗಪ್ಪ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಓಡುತ್ತಿದ್ದ ಕಾಲದಲ್ಲಿ ಒಂದು ಗಿರಣಿಯ ಹಾಜರಿ ಗುಮಾಸ್ತನಾಗಿದ್ದೆ. ಮೈಲಪ್ಪ ಅಲ್ಲೇ ಮಗ್ಗದ ವಿಭಾಗದಲ್ಲಿ ಹದಿನೇಳು ವರ್ಷ ದುಡಿದವನು. ನೂರಾರು ಮಗ್ಗಗಳು ಒಟ್ಟಿಗೆ ಬಡಿಯುವ ಆ ಶೆಡ್ಡಿನಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುತ್ತಿರಲಿಲ್ಲ. ಅಲ್ಲಿಯವರು ದನಿ ತೆಗೆಯುವುದನ್ನೇ ಬಿಟ್ಟು ಬರೀ ತುಟಿ ಆಡಿಸಿ ಮಾತಾಡುತ್ತಿದ್ದರು. ನಾಲ್ಕು ಸಾಲು ಆಚೆ ನಿಂತವನ ತುಟಿ ನೋಡಿ, ಅವನ ಬುತ್ತಿಯಲ್ಲಿ ಯಾವ ಪಲ್ಯ ಇದೆ ಎಂದು ಮೈಲಪ್ಪ ಹೇಳುತ್ತಿದ್ದ. ಗಿರಣಿ ಮುಚ್ಚಿದ ಮೇಲೆ ಮಂಡಿಪೇಟೆಯ ಕಾಳಿನ ಅಂಗಡಿಯಲ್ಲಿ ತಕ್ಕಡಿ ಹಿಡಿದ. ಗಿರಣಿಯಲ್ಲಿ ಕೆಟ್ಟ ಕಿವಿ ವಯಸ್ಸಾದಂತೆ ಪೂರ್ತಿ ಹೋಯಿತು.

ಹಾಗಾಗಿ ಟಿವಿಯನ್ನು ಅವನು ದನಿ ಬಂದ್ ಮಾಡಿ ನೋಡುತ್ತಿದ್ದ. ವೇದಿಕೆಯ ಮೇಲೆ ಮಂತ್ರಿ ಪಕ್ಕದವನ ಕಿವಿಯಲ್ಲಿ ಏನಂದ, ಔಟಾದ ಆಟಗಾರ ಯಾರಿಗೆ ಬೈದ ಎಂಬುದೆಲ್ಲ ಸಂಜೆ ನಮ್ಮ ಕಟ್ಟೆಗೆ ಬರುತ್ತಿತ್ತು. ಅವನ ಹೆಂಡತಿ ಕಾಳವ್ವ ನೋಡುವ ಧಾರಾವಾಹಿ ಮಾತ್ರ ಹಿಂದಿಯಿಂದ ಕನ್ನಡಕ್ಕೆ ತಂದದ್ದು. ತುಟಿ ಒಂದು ಹೇಳಿದರೆ ದನಿ ಇನ್ನೊಂದು ಹೇಳುತ್ತಿತ್ತು. "ಈ ಸೊಸಿ ಬಾಯಾಗ ಬ್ಯಾರೆ ಏನೋ ಐತೆ ನೋಡ್ರಿ" ಎಂದು ಮೈಲಪ್ಪ ತಲೆ ಕೆಡಿಸಿಕೊಂಡರೆ ಮನೆಯವರು ಬಿದ್ದು ಬಿದ್ದು ನಗುತ್ತಿದ್ದರು. ಟಿವಿ ನೋಡಿ ನೋಡಿ ಮುದುಕನಿಗೆ ಅರಳುಮರಳು ಎಂಬ ಮಾತು ಆಗಲೇ ಹುಟ್ಟಿತ್ತು.

ಆ ಮನೆಯಲ್ಲಿ ತುಟಿಮಾತು ಕಲಿತವಳು ಮಗಳು ಸುನೀತಾ ಒಬ್ಬಳೇ. ಚಿಕ್ಕವಳಿದ್ದಾಗ ಅವ್ವನ ಬೆನ್ನ ಹಿಂದೆ ನಿಂತು, ಸದ್ದಿಲ್ಲದೆ "ಅಪ್ಪಾ, ಬರ್ತಾ ಮಿರ್ಚಿ ತಗಂಬಾ" ಎನ್ನುತ್ತಿದ್ದಳು. ಸಂಜೆ ಮಿರ್ಚಿ ಬಂದಿರುತ್ತಿತ್ತು. ಕಾಳವ್ವನಿಗೆ ಇದು ಹೇಗೆಂದು ಕೊನೆಗೂ ತಿಳಿಯಲಿಲ್ಲ.

ಸುನೀತಾಳಿಗೆ ಹರಿಹರದ ಮಾಲತೇಶನ ಜೊತೆ ನಿಶ್ಚಿತಾರ್ಥವಾಯಿತು. ಹುಡುಗನಿಗೆ ಗುತ್ತೂರಿನ ಹತ್ತಿರ ಕಾರ್ಖಾನೆಯಲ್ಲಿ ಕೆಲಸ, ಮನೆಯಲ್ಲಿ ತಾಯಿ ಹಂಪವ್ವ ಮತ್ತು ಅವನು, ಇಬ್ಬರೇ. ವಾರದ ಮೇಲೆ ಮೈಲಪ್ಪನ ಮಗ ಹರೀಶ ನಿಶ್ಚಿತಾರ್ಥದ ವಿಡಿಯೋವನ್ನು ಟಿವಿಗೆ ಹಾಕಿ ನನ್ನನ್ನೂ ಕರೆದ. ವಿಡಿಯೋದವನು ಮಾತುಗಳನ್ನೆಲ್ಲ ಅಳಿಸಿ ಉದ್ದಕ್ಕೂ ವಾಲಗ ತುಂಬಿದ್ದ. ಸುನೀತಾಳ ಉಡಿ ತುಂಬಿದ ಹಂಪವ್ವ ಪಕ್ಕದ ಹೆಂಗಸಿನ ಕಡೆ ಬಾಗಿ ಏನೋ ಅಂದು ನಕ್ಕಳು. ಮೈಲಪ್ಪ ದಡಕ್ಕನೆ ಎದ್ದು ನಿಂತ. ಅದಷ್ಟನ್ನೇ ಮೂರು ಸಲ ಹಾಕಿಸಿ ನೋಡಿದ.

"'ಇವಳಾದ್ರೂ ಉಳೀತಾಳೋ ನೋಡ್ಬೇಕು' ಅಂದ್ಲು," ಎಂದ. "ಅಂದ್ರೆ ಮೊದ್ಲು ಒಬ್ಬಾಕಿ ಇದ್ಲು. ಉಳೀಲಿಲ್ಲ."

ಹರೀಶ ಟಿವಿ ಆರಿಸಿದ. "ಧಾರಾವಾಹಿ ನೋಡೋದು ಸ್ವಲ್ಪ ಕಡಿಮಿ ಮಾಡಪ್ಪಾ" ಎಂದ.

"ಅವರ ಮೂಲ ಊರು ಕಡರನಾಯಕನಹಳ್ಳಿ ಅಂದ್ರಲ್ಲ, ಹೋಗಿ ಕೇಳ್ಕಂಡು ಬರೋಣ ನಡಿ."

"ಏನಂತ ಕೇಳೋದು? ನಮ್ಮಪ್ಪ ಟಿವಿಯಾಗ ನೋಡ್ಯಾನ ಅಂತ ಕೇಳೋದಾ?"

ಎಲ್ಲರೂ ನನ್ನ ಮುಖ ನೋಡಿದರು. ನಾಲ್ಕಕ್ಷರ ಬಲ್ಲವನೆಂದು ನಮ್ಮ ಬೀದಿಯಲ್ಲಿ ನನ್ನ ಮಾತಿಗೆ ಒಂದು ತೂಕವಿದೆ. "ಮೈಲಪ್ಪ, ಲಗ್ನಪತ್ರ ಅಚ್ಚಿಗೆ ಹೋಗೈತೆ. ಟಿವಿ ನಂಬಿ ಹುಡುಗಿ ಬಾಳು ಕೆಡಿಸ್ಬ್ಯಾಡ" ಎಂದೆ. ಅವನ ಕಣ್ಣುಗಳನ್ನು ಮೂವತ್ತು ವರ್ಷ ಬಲ್ಲವನು ನಾನು, ಅವು ಒಂದು ತುಟಿಯನ್ನೂ ತಪ್ಪಾಗಿ ಓದಿದ್ದನ್ನು ಗಿರಣಿಯಲ್ಲಿ ಒಮ್ಮೆಯೂ ನೋಡಿರಲಿಲ್ಲ. ಆದರೂ ಹಾಗೆಂದೆ.

ಸುನೀತಾ ಅಪ್ಪನ ಎದುರು ಬಂದು ಕುಳಿತಳು. ಹಿಂದಿನ ವರ್ಷ ಒಂದು ಸಂಬಂಧ ಕೊನೆ ಗಳಿಗೆಯಲ್ಲಿ ಮುರಿದಿತ್ತು. "ಅಪ್ಪಾ, ಇದೂ ಮುರಿದ್ರೆ ನಾ ಯಾರಿಗೂ ಮುಖ ತೋರ್ಸಂಗಿಲ್ಲ. ನನ್ನ ಸಲುವಾಗಿ ಟಿವಿ ಬಿಟ್ಬಿಡು" ಎಂದಳು. ಮೈಲಪ್ಪ ಅವಳ ತಲೆಯ ಮೇಲೆ ಕೈಯಿಟ್ಟು, "ಬಿಟ್ಟೆ. ಟಿವಿ ಅಷ್ಟೇ ಅಲ್ಲ, ಫೋನೂ ನೋಡಲ್ಲ" ಎಂದ. ಹೆಗಲ ಮೇಲಿನ ಟವೆಲ್ ತೆಗೆದು ಟಿವಿಗೆ ಹೊದೆಸಿದ.

ಮದುವೆಯಾಯಿತು. ಆಮೇಲೆ ಮಗಳ ಮನೆಗೆ ಹೋಗಿ ಏನಾದರೂ ಅಂದುಬಿಟ್ಟಾನು ಎಂದು ಹರೀಶ ಅಪ್ಪನನ್ನು ಹರಿಹರಕ್ಕೆ ಕರೆದೊಯ್ಯಲೇ ಇಲ್ಲ. ಅರ್ಧ ಗಂಟೆಯ ಬಸ್ಸಿನ ದಾರಿ ಅದು. ಸುನೀತಾಳೂ ಒಂದು ಹಬ್ಬಕ್ಕೂ ತವರಿಗೆ ಬರಲಿಲ್ಲ. ಪ್ರತಿ ಹಬ್ಬಕ್ಕೂ ಹಂಪವ್ವನಿಗೆ ಮೈಯಲ್ಲಿ ಸರಿ ಇರುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಮಾತ್ರ ಅವಳ ವಿಡಿಯೋ ಕರೆ ತಪ್ಪುತ್ತಿರಲಿಲ್ಲ. ಕಾಳವ್ವ ಫೋನ್ ಹಿಡಿದು ಒಳಗೆ ಕುಳಿತರೆ, ಮೈಲಪ್ಪ ಎದ್ದು ನಮ್ಮ ಕಟ್ಟೆಗೆ ಬಂದು ಬೀದಿಗೆ ಮುಖ ಮಾಡಿ ಕೂರುತ್ತಿದ್ದ.

"ಮಗಳ ಮುಖಾನೂ ನೋಡಲ್ವೇನಪ್ಪಾ, ದೊಡ್ಡ ಸನ್ಯಾಸಿ" ಎಂದು ನಾನು ಛೇಡಿಸುತ್ತಿದ್ದೆ.

"ಅವಳ ತಲೆ ಮುಟ್ಟಿ ಹೇಳೀನ್ರಿ" ಎನ್ನುತ್ತಿದ್ದ.

ಹೋದ ಭಾನುವಾರವೂ ಹಾಗೆಯೇ ಕುಳಿತಿದ್ದೆವು. ಕಾಳವ್ವ ಫೋನನ್ನು ಸೆರಗಿನಿಂದ ಒರೆಸುತ್ತಾ ಹೊರಗೆ ಬಂದಳು.

"ಹಾಳಾದ್ದು ನೆಟ್‌ವರ್ಕು. ಪ್ರತಿ ವಾರ ಮಾತಿನ ಕೊನೆಗೆ ಹಿಂಗೇ ಆಗ್ತೈತೆ ನೋಡಣ್ಣಾ. ಅವಳ ಬಾಯಿ ಆಡ್ತಿರ್ತೈತೆ, ದನಿ ಬರಲ್ಲ."

"ಹಳೇ ಫೋನಲ್ವಾ" ಎಂದೆ.

"ಫೋನ್ ಚಲೋ ಐತೆ. ಹಿಂದ ಅವರತ್ತಿ ಕೆಮ್ಮೋದು ಕೇಳ್ತೈತೆ, ಕುಕ್ಕರ್ ಕೂಗೋದು ಕೇಳ್ತೈತೆ. ಇವಳ ದನಿ ಒಂದೇ ಬರಲ್ಲ."

ಮೈಲಪ್ಪ ಹೆಂಡತಿಯ ತುಟಿಯನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಹೆಂಗ ಆಡಿಸ್ತಾಳೆ ಬಾಯಿ?" ಎಂದು ಕೇಳಿದ. "ನೀನು ಆಡಿಸಿ ತೋರ್ಸು."

"ಏನ್ ಹುಡುಗಾಟ ಇದು?"

"ತೋರ್ಸೇ."

ಐದು ತಿಂಗಳು ವಾರವಾರವೂ ಕಂಡದ್ದನ್ನು ಕಾಳವ್ವ ಸದ್ದಿಲ್ಲದೆ ಆಡಿಸಿ ತೋರಿಸಿದಳು. ತಾನು ಏನು ಹೇಳುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ. ಮತ್ತೊಮ್ಮೆ ತೋರಿಸು ಎಂದ. ತೋರಿಸಿದಳು.

"'ಅಪ್ಪಾ, ನೋಡು' ಅಂತಾಳೆ" ಎಂದ ಮೈಲಪ್ಪ. "ಅಷ್ಟೇ ಐತೆ. 'ಅಪ್ಪಾ, ನೋಡಪ್ಪಾ.'"

ಇಪ್ಪತ್ತು ಭಾನುವಾರ ಅವಳು ಅವನನ್ನೇ ಕರೆದಿದ್ದಳು. ಇಪ್ಪತ್ತೂ ಸಲ ಅವನು ಅವಳ ತಲೆ ಮುಟ್ಟಿ ಕೊಟ್ಟ ಮಾತು ಉಳಿಸಿಕೊಂಡು, ಹತ್ತು ಹೆಜ್ಜೆ ಆಚೆ ನನ್ನ ಪಕ್ಕ ಬೆನ್ನು ತಿರುಗಿಸಿ ಕುಳಿತಿದ್ದ. ನಾನು ನಗೆಯಾಡಿಕೊಂಡು ಕುಳಿತಿದ್ದೆ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಕಾಳವ್ವ ಮತ್ತೆ ಫೋನ್ ಹಚ್ಚಿದಳು. ಹಂಪವ್ವ ಎತ್ತಿದಳು. ಸುನೀತಾ ಮಲಗಿದ್ದಾಳೆ, ಎಬ್ಬಿಸುವುದು ಬೇಡ ಎಂದು ಇಟ್ಟುಬಿಟ್ಟಳು. ಸುನೀತಾ ಅವ್ವನ ಜೊತೆ ಮಾತಾಡಿ ಐದು ನಿಮಿಷವೂ ಆಗಿರಲಿಲ್ಲ. ಹರೀಶ ಕೆಲಸದ ಮೇಲೆ ಶಿವಮೊಗ್ಗಕ್ಕೆ ಹೋಗಿದ್ದ. ನಾವು ಮೂವರೇ ಬಸ್ ಹತ್ತಿದೆವು.

ಹರಿಹರದಲ್ಲಿ ಹಂಪವ್ವ ನಗುನಗುತ್ತಲೇ ಬಾಗಿಲು ತೆಗೆದಳು. "ಬರ್ರಿ ಬರ್ರಿ, ಕೂಡ್ರಿ. ಬರ್ತೀವಿ ಅಂತ ಹೇಳ್ಲೇ ಇಲ್ಲ. ಸುನೀತಾ ಗಂಡನ ಜೋಡಿ ಗುಡಿಗೆ ಹೋಗ್ಯಾಳೆ. ಚಾ ಮಾಡ್ತೀನಿ ಇರ್ರಿ" ಎಂದಳು.

"ಮಲಗ್ಯಾಳೆ ಅಂದಿದ್ರಲ್ರಿ" ಎಂದಳು ಕಾಳವ್ವ.

"ಎದ್ದು ಹೋದ್ಲು" ಎಂದಳು ಹಂಪವ್ವ. ಹೊಸ್ತಿಲ ಒಳಗೆ ಗಂಡಸಿನ ಚಪ್ಪಲಿಯೂ ಇತ್ತು, ಸುನೀತಾ ಮದುವೆಗೆ ಕೊಂಡ ಚಪ್ಪಲಿಯೂ ಇತ್ತು.

ಮೈಲಪ್ಪ ಒಳಗೆ ಬಂದಿರಲಿಲ್ಲ. ನಾನು ಹೊರಗೆ ಹೋಗಿ ನೋಡಿದರೆ, ರಸ್ತೆಯ ಆಚೆ ಬದಿಗೆ ನಿಂತು ಮಹಡಿಯ ಮುಚ್ಚಿದ ಕಿಟಕಿಯನ್ನೇ ನೋಡುತ್ತಿದ್ದ. ಗಾಜಿನ ಹಿಂದೆ ಒಂದು ಮುಖವಿತ್ತು. ಬಹಳ ಸೊರಗಿತ್ತು, ಆದರೂ ಸುನೀತಾಳದೇ ಎಂದು ಗುರುತಾಯಿತು. ಕೂಗಿದರೆ ಕೆಳಗಿನವರಿಗೆ ಕೇಳಿಸುತ್ತದೆಂದು ಅವಳಿಗೆ ಗೊತ್ತು. ಅವಳ ತುಟಿ ಮಾತ್ರ ಆಡುತ್ತಿತ್ತು. ಇತ್ತ ಅಪ್ಪನ ತುಟಿಯೂ ಆಡುತ್ತಿತ್ತು. ಅಷ್ಟು ವರ್ಷ ಗಿರಣಿಯಲ್ಲಿದ್ದೂ ನಾನು ಆ ಭಾಷೆ ಕಲಿತಿರಲಿಲ್ಲ.

"ಹೊರಗಿಂದ ಕೀಲಿ ಹಾಕ್ಯಾರಂತೆ" ಎಂದ ಮೈಲಪ್ಪ, ಕಣ್ಣು ಅಲುಗಿಸದೆ. "ಮೊದ್ಲಿನಾಕಿನೂ ಇದೇ ಕೋಣೆಯಾಗೇ ಸತ್ತದ್ದಂತೆ. ಶಿವಯೋಗಪ್ನೋರೆ, ಪೊಲೀಸ್ರಿಗೆ ಫೋನ್ ಮಾಡ್ರಿ."

ನಾನು ಫೋನ್ ಮಾಡಿದೆ. ಒಳಗಿನಿಂದ ಹಂಪವ್ವ ಚಾ ಆರುತ್ತದೆ ಬರ್ರಿ ಎಂದು ಎರಡು ಸಲ ಕರೆದಳು. ಪೊಲೀಸರು ಬರುವವರೆಗೆ ಮೈಲಪ್ಪ ಆ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.